ಬಲಗೈಗೆ ಮಾಡಿದ ಕೋವಿ, ಎಡಗೈಯವರ ಪಾಡೇನು?

ಕೈಲ್ ಮುಹೂರ್ತ ಹತ್ತಿರ ಬಂತೆಂದರೆ ಕೊಡಗಿನ ಮನೆಮನೆಯಲ್ಲೂ ಕೋವಿಗೆ ಎಣ್ಣೆ ಬೀಳುತ್ತದೆ. ನಳಿಗೆ ಉಜ್ಜುವವರು, ಬಟ್ ಒರೆಸುವವರು, ನಳಿಗೆಯ ಬಾಯಿಗೆ ಸಿಕ್ಕಿಸಲು ತೋಕ್‌ಪೂ ಹುಡುಕಿ ಬೇಲಿ ಸುತ್ತುವ ಮಕ್ಕಳು. ಪೂಜೆಯಾಗುತ್ತದೆ, ಊಟವಾಗುತ್ತದೆ. ಆಮೇಲೆ ಊರಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂಥ. ಈ ವರದಿಗಾರ ಪ್ರತಿ ವರ್ಷವೂ ಹೋಗುತ್ತಾನೆ, ಗೆದ್ದವರ ಹೆಸರು ಬರೆದುಕೊಳ್ಳುತ್ತಾನೆ, ಮರುದಿನ ನಾಲ್ಕು ಸಾಲು ಅಚ್ಚಾಗುತ್ತದೆ. ಅಲ್ಲಿಗೆ ಮುಗಿಯಿತು.

ಈ ಸಲ ನಾಲ್ಕು ಸಾಲಿಗೆ ಮುಗಿಯಲಿಲ್ಲ. ಯಾಕೆ ಅಂತ ಕೇಳಿ.

ಹಬ್ಬಕ್ಕೆ ವಾರ ಮೊದಲು ಒಂದು ಜಮ್ಮಾ ಹಿಡುವಳಿಯ ಮನೆಯಲ್ಲಿ ಗುಂಡು ಹಾರಿತು. ಹಾರಬೇಕಾದ ಕಡೆಗಲ್ಲ, ನೆಲಕ್ಕೆ. ಮನೆಯ ಹುಡುಗಿ ಗದ್ದೆಯ ಬದುವಿನಲ್ಲಿ ಅಭ್ಯಾಸಕ್ಕೆ ಹೊರಟಿದ್ದಳು. ಮಳೆ ಬಿದ್ದು ಬದು ಜಾರುತ್ತಿತ್ತು. ಕಾಲು ತಪ್ಪಿತು, ಕೈಯಲ್ಲಿದ್ದ ಪಂಪ್ ಆಕ್ಷನ್ ಕೋವಿ ಢಂ ಎಂದಿತು. ಎರಡು ಮಾರು ಆಚೆ ಅವಳ ಚಿಕ್ಕಪ್ಪನ ಮಗ, ಎಂಟು ವರ್ಷದ ಹುಡುಗ, ನಿಂತಿದ್ದ. ಕೆಸರು ಸಿಡಿದು ಅವನ ಅಂಗಿಯೆಲ್ಲ ಕರ್ರಗಾಯಿತು. ಅಷ್ಟೇ ಆದದ್ದು, ದೇವರು ದೊಡ್ಡವನು.

ಹೆಸರು, ಊರು ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆದರೆ ಸಂಗತಿ ಬರೆಯಲೇಬೇಕು. ಆ ಹುಡುಗಿ ಅಜಾಗರೂಕಳಲ್ಲ. ಕೋವಿ ಹಿಡಿಯಲು ಬಾರದವಳೂ ಅಲ್ಲ. ಅವಳು ಎಡಚಿ. ಕೋವಿ ಬಲಗೈಯವರದು. ರೋಗದ ಮೂಲ ಇಲ್ಲಿದೆ.

ಅಡ್ಡಗುಂಡಿಯ ಕಥೆ

“ಸೇಫ್ಟಿ ಹಾಕಿರಲಿಲ್ಲವಾ ಮಗಳೇ?” ಅಂತ ನಾನು ಕೇಳಿದೆ.

“ಹಾಕಿರಲಿಲ್ಲ ಅಣ್ಣಾ. ತೆಗೆದೇ ಇಟ್ಕೊಂಡಿದ್ದೆ. ಹಾಕಿದ್ರೆ ಆಮೇಲೆ ತೆಗೆಯೋಕೆ ನನಗೆ ಆಗೋದಿಲ್ಲ” ಅಂದಳು. ಕಣ್ಣಲ್ಲಿ ನೀರು.

ಆಗೋದಿಲ್ಲ ಎಂದರೇನು? ನನಗೂ ಮೊದಲು ಅರ್ಥವಾಗಲಿಲ್ಲ. ಅವಳ ಅಜ್ಜ ಖಾಲಿ ಕೋವಿ ತಂದು ತೋರಿಸಿದರು. ಟ್ರಿಗರ್‌ನ ಹತ್ತಿರ ಅಡ್ಡಕ್ಕೆ ಒಂದು ಗುಂಡಿ. ಬಲಗಡೆಯಿಂದ ಎಡಕ್ಕೆ ಒತ್ತಿದರೆ ಕೋವಿ ಹಾರಲು ತಯಾರು. ಎಡದಿಂದ ಬಲಕ್ಕೆ ಒತ್ತಿದರೆ ಬಂದ್. ಬಲಗೈಯವನ ತೋರುಬೆರಳು ಬಲಗಡೆಯೇ ಇರುತ್ತದೆ. ಒತ್ತಿದ, ತಯಾರಾಯಿತು, ಬೆರಳು ಟ್ರಿಗರ್‌ಗೆ ಹೋಯಿತು. ಕಣ್ಣು ಮಿಟುಕಿಸುವಷ್ಟರ ಕೆಲಸ.

ಎಡಗೈಯವರ ತೋರುಬೆರಳು ಇರುವುದು ಎಡಗಡೆ. ಅವರಿಗೆ ಬಂದ್ ಮಾಡುವುದು ಸುಲಭ, ತೆರೆಯುವುದು ಕಷ್ಟ. ಬೆರಳನ್ನು ಟ್ರಿಗರ್ ಗಾರ್ಡಿನ ಕೆಳಗಿಂದ ಸುತ್ತಿ ಆಚೆಗೆ ತರಬೇಕು, ಇಲ್ಲವೇ ಹಿಡಿತ ಬಿಟ್ಟು ಇನ್ನೊಂದು ಕೈ ತರಬೇಕು. ಪಂಥದಲ್ಲಿ ನಿಂತವರಿಗೆ ಅಷ್ಟು ವ್ಯವಧಾನ ಎಲ್ಲಿ? ಹಾಗಾಗಿ ಏನು ಮಾಡುತ್ತಾರೆ? ಮೊದಲೇ ತೆರೆದಿಟ್ಟು ಓಡಾಡುತ್ತಾರೆ. ಇದು ಆ ಹುಡುಗಿ ಒಬ್ಬಳ ಚಾಳಿಯಲ್ಲ. ನಾನು ಮಾತಾಡಿಸಿದ ಇನ್ನಿಬ್ಬರು ಎಡಚರೂ, “ನಾವೂ ಹಾಗೇ ಮಾಡ್ತಿದ್ವಿ” ಅಂತ ತಲೆ ತಗ್ಗಿಸಿ ಒಪ್ಪಿಕೊಂಡರು.

ತಪ್ಪು ಅವರದ್ದೇ, ಅನುಮಾನವಿಲ್ಲ. ತೋಟೆ ತುಂಬಿದ ಕೋವಿಯನ್ನು ಸೇಫ್ಟಿ ತೆಗೆದು ಬದುವಿನ ಮೇಲೆ ಹೊತ್ತು ನಡೆಯುವುದು ಅಪರಾಧ. ಆದರೆ ತಪ್ಪಿಗೆ ದಾರಿ ಮಾಡಿಕೊಟ್ಟದ್ದು ಆ ಗುಂಡಿ.

ನೂರಕ್ಕೆ ಹತ್ತು ಮಂದಿ

ಲೋಕದಲ್ಲಿ ನೂರಕ್ಕೆ ಸುಮಾರು 10 ಮಂದಿ ಎಡಗೈಯವರು. ನಮ್ಮಲ್ಲಿ ಎಡಗೈಯೆಂದರೆ ಮೊದಲಿಂದಲೂ ಒಂದು ತಾತ್ಸಾರ. ಎಡಗೈಯಲ್ಲಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಎಡಗೈಯಲ್ಲಿ ಉಂಡರೆ ಬೆನ್ನಿಗೆ ಗುದ್ದು. ನನ್ನ ಜೊತೆ ಓದಿದ ಒಬ್ಬನಿಗೆ ಮೇಷ್ಟ್ರು ಬೆತ್ತದಿಂದ ಹೊಡೆದು ಹೊಡೆದೇ ಬಲಗೈ ಬರವಣಿಗೆ ಕಲಿಸಿದರು. ಅವನು ಈಗಲೂ ಬರೆಯುವುದು ಬಲಗೈಯಲ್ಲಿ, ಮರ ಕಡಿಯುವುದು ಎಡಗೈಯಲ್ಲಿ.

ತಮಾಷೆ ನೋಡಿ. ಅದೇ ನಾವು ಭಾರತದ ಕಥೆ ಹೇಳುವಾಗ ಅರ್ಜುನನನ್ನು ಸವ್ಯಸಾಚಿ ಅಂತ ಹೊಗಳುತ್ತೇವೆ. ಎಡಗೈಯಲ್ಲೂ ಬಾಣ ಬಿಡಬಲ್ಲವನು ಎಂದು ಅರ್ಥ. ಅರ್ಜುನನಾದರೆ ಬಿರುದು, ನಮ್ಮ ಮನೆಯ ಹುಡುಗಿಯಾದರೆ ಗುದ್ದು!

ಈ ಹುಡುಗಿಗೂ ಸಣ್ಣವಳಿದ್ದಾಗ ಗುದ್ದು ಬಿದ್ದಿದೆ. ಹಾಕಿದವರು ಅಜ್ಜನೇ. 1971ರ ಯುದ್ಧ ಕಂಡ ನಿವೃತ್ತ ಸುಬೇದಾರರು. ಮಾತಿನ ನಡುವೆ ಅವರು ಹೇಳಿದ ಸಂಗತಿ ಕೇಳಿ ಮನೆಯವರೇ ಬೆರಗಾದರು.

“ನಾನೂ ಎಡಚನೇ. ಪಟಾಲಮ್ಮಿಗೆ ಸೇರಿದ ಮೇಲೆ ಬಲ ಹೆಗಲಿಗೆ ತಂದ್ಕೊಂಡೆ. ಅಲ್ಲಿ ಎಲ್ಲರದ್ದೂ ಒಂದೇ. ಯಾರ ಹತ್ರ ಹೇಳ್ಕೊಳ್ಳೋದು? ಅದಕ್ಕೇ ಇವಳಿಗೆ ಚಿಕ್ಕಂದಿನಿಂದಲೇ ತಿದ್ದಿಬಿಡಾಣ ಅಂತ.”

ಸೈನ್ಯದ ರೈಫಲುಗಳನ್ನು ಒಂದೊಂದಾಗಿ ನೋಡಿದರೆ ಅಜ್ಜನ ಮಾತು ಸುಳ್ಳಲ್ಲ. ಹಳೆಯ .303 ರೈಫಲಿನ ಬೋಲ್ಟ್ ಬಲಕ್ಕೆ. ಆಮೇಲಿನ 7.62 ಎಸ್‌ಎಲ್‌ಆರ್‌ನಲ್ಲೂ, 1990ರ ದಶಕದಲ್ಲಿ ಬಂದ 5.56 ಇನ್ಸಾಸ್‌ನಲ್ಲೂ ಸೇಫ್ಟಿ ಎಡಬದಿಗೆ, ಎಂದರೆ ಬಲಗೈಯವನ ಹೆಬ್ಬೆರಳಿಗೆ ಎಟಕುವ ಕಡೆ. ಖಾಲಿ ತೋಟೆ ಸಿಡಿಯುವುದು ಬಲಕ್ಕೆ. ಬ್ರಿಟಿಷರ ಸೈನ್ಯ 1985ರಲ್ಲಿ ತಂದ ಎಸ್‌ಎ 80 ರೈಫಲಂತೂ ಎಡ ಹೆಗಲಿಗೆ ಒರಗಿಸುವಂತೆಯೇ ಇಲ್ಲ. ಒರಗಿಸಿದರೆ ಖಾಲಿ ತೋಟೆ ನೇರ ಮುಖಕ್ಕೆ. ಅಲ್ಲಿ ಎಡಚನಾಗಲಿ ಬಲಚನಾಗಲಿ ಎಲ್ಲರಿಗೂ ಬಲ ಹೆಗಲೇ.

ಕೈಗಿಂತ ಮೊದಲು ಕಣ್ಣು

ಹಾಗಾದರೆ ಎಲ್ಲರೂ ಬಲ ಹೆಗಲಿಗೇ ಕಲಿಯಬಹುದಲ್ಲ, ಅಜ್ಜ ಕಲಿಯಲಿಲ್ಲವೇ, ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಬಂದೂಕು ರಿಪೇರಿಯ ಲೈಸೆನ್ಸ್ ಇರುವ ಒಬ್ಬ ಹಿರಿಯ ಮಿಸ್ತ್ರಿ ನಕ್ಕರು. “ಕೈ ಬಿಡಿ ಸ್ವಾಮಿ, ಕಣ್ಣು ಯಾವುದು ಅಂತ ಕೇಳಿದಿರಾ?” ಅಂದರು.

ನಮ್ಮ ಎರಡು ಕಣ್ಣಿನಲ್ಲಿ ಒಂದು ಯಜಮಾನ. ಗುರಿ ನೋಡುವುದು ಆ ಕಣ್ಣು. ಯಾವುದು ಎಂದು ತಿಳಿಯಲು ದುಡ್ಡು ಬೇಡ. ಎರಡು ಕೈಯನ್ನೂ ಮುಂದಕ್ಕೆ ನೀಟಿ, ಹೆಬ್ಬೆರಳು ತೋರುಬೆರಳು ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ಬಿಟ್ಟು ದೂರದ ಒಂದು ಮರದ ತುದಿಯನ್ನು ಕಿಂಡಿಯಲ್ಲಿ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಮರ ಕಿಂಡಿಯಲ್ಲೇ ಉಳಿಯಿತೋ ಅದೇ ನಿಮ್ಮ ಯಜಮಾನ ಕಣ್ಣು. ಓದುಗರು ಈಗಲೇ, ಪತ್ರಿಕೆ ಕೆಳಗಿಟ್ಟು, ಮಾಡಿ ನೋಡಬಹುದು.

ಇದರಲ್ಲೊಂದು ಗಮ್ಮತ್ತಿದೆ. ಎಡಗೈಯವರು ನೂರಕ್ಕೆ ಹತ್ತಾದರೆ, ಎಡಗಣ್ಣಿನವರು ಮೂರರಲ್ಲೊಬ್ಬರು! ಎಂದರೆ ಬಲಗೈಯಲ್ಲಿ ಉಣ್ಣುವ ಎಷ್ಟೋ ಜನರಿಗೆ ಗುರಿ ನೋಡುವ ಕಣ್ಣು ಎಡದ್ದು. ಬಲ ಹೆಗಲಿಗೆ ಕೋವಿ ಇಟ್ಟು ಎರಡೂ ಕಣ್ಣು ಬಿಟ್ಟು ಹೊಡೆದರೆ ಇವರ ಗುಂಡು ಕಾಯಿಗೆ ತಾಗದೆ ಪಕ್ಕಕ್ಕೆ ಹೋಗುತ್ತದೆ. ವರ್ಷ ವರ್ಷ ತಪ್ಪುತ್ತದೆ. ಕೋವಿ ಸರಿ ಇಲ್ಲ, ತೋಟೆ ಹಳತು ಅಂತ ಬೈದುಕೊಂಡು ಮನೆಗೆ ಹೋಗುತ್ತಾರೆ. ಇಂಥವರು ಎಡಗಣ್ಣು ಮುಚ್ಚಿ ಹೊಡೆಯಬೇಕು, ಇಲ್ಲವೇ ಎಡ ಹೆಗಲಿಗೆ ಬರಬೇಕು.

ನಮ್ಮ ಹುಡುಗಿಗೆ ಕೈಯೂ ಎಡ, ಕಣ್ಣೂ ಎಡ. ಅವಳನ್ನು ಬಲ ಹೆಗಲಿಗೆ ತಿದ್ದುವುದೆಂದರೆ ಮೀನನ್ನು ಮರ ಹತ್ತಿಸಿದ ಹಾಗೆ.

ಮುಖದ ಮುಂದೆ ಬಿಸಿ ತೋಟೆ

ಮಿಸ್ತ್ರಿ ಒಂದೊಂದಾಗಿ ತೋರಿಸುತ್ತ ಹೋದರು. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನ ತಲೆಗೂ ಹತ್ತುವ ಹಾಗೆ ಹೇಳಿದರು. ಹತ್ತಿದ್ದನ್ನು ಇಲ್ಲಿ ಇಳಿಸುತ್ತೇನೆ.

ಬಲ ಹೆಗಲಿಗೆ ಕೋವಿ ಇಟ್ಟವನ ಮುಖ ಬಟ್‌ನ ಎಡಬದಿಗೆ ಇರುತ್ತದೆ. ಖಾಲಿ ತೋಟೆ ಬಲಕ್ಕೆ ಸಿಡಿಯುತ್ತದೆ. ಅವನಿಗೆ ಬಾಧಕವಿಲ್ಲ. ಎಡ ಹೆಗಲಿಗೆ ಇಟ್ಟವನ ಮುಖ ಬಲಬದಿಗೆ ಬರುತ್ತದೆ. ಬಿಸಿ ತೋಟೆ ಅವನ ಮೂಗಿನ ಮುಂದೆಯೇ ಹಾದು ಹೋಗುತ್ತದೆ. ಒಂದೊಂದು ಸಲ ತೋಳಿಗೆ, ಕಾಲರ್ ಒಳಗೆ ಬೀಳುವುದೂ ಉಂಟು. ಹೊಗೆ, ಮಸಿ ಕಣ್ಣಿಗೆ. ತೋಟೆಯೇ ಹಾಳಾಗಿ ಹಿಂಬದಿಯಿಂದ ಒಡೆದರಂತೂ ಬಿಸಿಗಾಳಿ ತೂರುವುದು ಹೆಚ್ಚಾಗಿ ಆ ಬದಿಗೇ. ಆದ್ದರಿಂದ ಎಡಗೈಯವರು ಕನ್ನಡಕವಿಲ್ಲದೆ ಇಂಥ ಕೋವಿ ಹೊಡೆಯಲೇಬಾರದು. ಬಲಗೈಯವರೂ ಹಾಕಿಕೊಂಡರೆ ನಷ್ಟವೇನಿಲ್ಲ.

ಎರಡನೆಯದು ಬಟ್. ಒಳ್ಳೆಯ ಜೋಡುನಳಿಗೆ ಕೋವಿಯ ಬಟ್ ನೆಟ್ಟಗೆ ಇರುವುದಿಲ್ಲ. ಬಲಗೈಯವನ ಕಣ್ಣು ನಳಿಗೆಯ ಮೇಲೆ ನೇರ ಬರಲೆಂದು ತುಸು ಬಲಕ್ಕೆ ಬಾಗಿಸಿರುತ್ತಾರೆ. ಅದನ್ನೇ ಎಡಗೈಯವನು ಹೆಗಲಿಗೆ ಇಟ್ಟರೆ ಮರ ಕೆನ್ನೆಗೆ ಒದೆಯುತ್ತದೆ. ಗುರಿ ತಪ್ಪುವುದು ಬೇರೆ, ಸಂಜೆಗೆ ಕೆನ್ನೆ ಊದುವುದು ಬೇರೆ.

ಮೂರನೆಯದು ಬೋಲ್ಟ್. ನಮ್ಮಲ್ಲಿ ಸರ್ಕಾರಿ ಕಾರ್ಖಾನೆಯ .315 ರೈಫಲ್ ಎಷ್ಟೋ ಮನೆಗಳಲ್ಲಿದೆ. ಅದರ ಬೋಲ್ಟ್ ಹಿಡಿ ಬಲಕ್ಕೆ. ನಿಂತು ಹೊಡೆಯುವ ಎಡಚ ಪ್ರತಿ ಗುಂಡಿಗೂ ಕೋವಿ ಕೆಳಗಿಳಿಸಿ, ಕೈ ಮೇಲಿಂದ ದಾಟಿಸಿ ಎಳೆಯಬೇಕು. ಆದರೆ ಮರಳು ಮೂಟೆಯ ಮೇಲೆ ಒರಗಿಸಿ ಹೊಡೆಯುವಾಗ ಇದೇ ತಿರುಗಿ ಅನುಕೂಲವಾಗುತ್ತದೆ. ಎಡಗೈ ಹಿಡಿತದಲ್ಲೇ ಇರುತ್ತದೆ, ಬಿಡುವಿರುವ ಬಲಗೈ ಬೋಲ್ಟ್ ಎಳೆಯುತ್ತದೆ. ಸೈನ್ಯದ ಎಕೆ ಜಾತಿಯ ರೈಫಲಿನಲ್ಲೂ ಸೇಫ್ಟಿ, ಎಳೆಯುವ ಹಿಡಿ ಎರಡೂ ಬಲಕ್ಕಿರುವುದರಿಂದ ಎಡಚನ ಬಲಗೈಗೆ ಅದೇ ಸಲೀಸು ಎನ್ನುವವರಿದ್ದಾರೆ. ಎಲ್ಲ ಬಲಗೈ ಕೋವಿಯೂ ಎಡಚನಿಗೆ ವೈರಿಯಲ್ಲ ಎಂದಾಯಿತು.

ಎರಡು ಬದಿಯ ಸೇಫ್ಟಿ, ಎಷ್ಟು ಉಪಯೋಗ?

ಹೊರದೇಶಗಳಲ್ಲಿ ಈಗ ಎರಡು ಕೈಗೂ ಒದಗುವ ರೈಫಲುಗಳು ಬಂದಿವೆ. ಸೇಫ್ಟಿ ಎರಡು ಬದಿಗೂ, ಮ್ಯಾಗಜಿನ್ ಬಿಡಿಸುವ ಗುಂಡಿ ಎರಡು ಬದಿಗೂ. ಅಮೆರಿಕದವರು 1980ರ ದಶಕದ ಎಂ-16ಎ2 ರೈಫಲಿಗೆ ಖಾಲಿ ತೋಟೆ ಬಡಿದು ಮುಂದಕ್ಕೆ ಚಿಮ್ಮುವಂತೆ ಒಂದು ಉಬ್ಬು ಸೇರಿಸಿದರು. ಎಡಚರ ಮುಖ ಉಳಿಯಿತು. ನಮ್ಮ ವಿಶೇಷ ಪಡೆಗಳಲ್ಲಿರುವ ಇಸ್ರೇಲಿನ ಟಾವೋರ್‌ನಲ್ಲಿ ಬೋಲ್ಟ್ ಬದಲಿಸಿದರೆ ಖಾಲಿ ತೋಟೆ ಎಡಕ್ಕೆ ಹೋಗುತ್ತದೆ. ಬೋಲ್ಟ್ ರೈಫಲುಗಳಲ್ಲಿ ಪೂರಾ ಎಡಗೈಯದನ್ನೇ ಅಮೆರಿಕದ ಕಂಪನಿಗಳು 1950ರ ದಶಕದ ಕೊನೆಯಿಂದಲೇ ಮಾಡಿ ಮಾರುತ್ತಿವೆ. ಒಲಿಂಪಿಕ್ಸ್ ಮಾದರಿಯ ಏರ್ ರೈಫಲುಗಳಲ್ಲಿ ಎಡಗೈ ಹಿಡಿ ಬೇಕೆಂದರೆ ಸಿಗುತ್ತದೆ.

ಇಲ್ಲೊಂದು ಮಾತು ಗಮನಿಸಬೇಕು. ಸೇಫ್ಟಿ ಎರಡು ಬದಿಗೆ ಬಂದ ಮಾತ್ರಕ್ಕೆ ಅದು ಎಡಗೈ ಕೋವಿಯಾಗುವುದಿಲ್ಲ. ತೋಟೆ ಹೊರಬೀಳುವ ಬದಿ ಅದೇ, ಬಟ್‌ನ ಬಾಗು ಅದೇ. ಗುಂಡಿ ನೋಡಿ ಮರುಳಾಗಬಾರದು. ಇನ್ನೊಂದು ಅಪಾಯ ಮಿಸ್ತ್ರಿ ಹೇಳಿದರು: ಎರಡು ಬದಿಗೂ ಕಿವಿ ಚಾಚಿದ ಸೇಫ್ಟಿ, ಹೆಗಲಿಗೆ ನೇತುಹಾಕಿಕೊಂಡು ನಡೆಯುವಾಗ ಅಂಗಿಗೋ ಪಟ್ಟಿಗೋ ಉಜ್ಜಿ ತಾನೇ ತೆರೆದುಕೊಳ್ಳಬಹುದು. ಒಳ್ಳೆಯದರಲ್ಲಿ ಆ ಬದಿಯ ಕಿವಿ ಚಿಕ್ಕದು, ಸರಿಯುವುದೂ ಬಿಗಿ. ಕೊಳ್ಳುವಾಗ ಇದನ್ನು ಬೆರಳಲ್ಲಿ ಮುಟ್ಟಿ ನೋಡಬೇಕು.

ಆದರೆ ಇವೆಲ್ಲ ನಮ್ಮ ಹಳ್ಳಿಗೆ ದೂರದ ಬೆಟ್ಟ. 1980ರ ದಶಕದ ನಡುವಿನಿಂದ ಸಾಮಾನ್ಯ ಪ್ರಜೆ ಹೊರದೇಶದ ಕೋವಿ ತರಿಸಿಕೊಳ್ಳುವಂತಿಲ್ಲ. ಹೆಸರು ಮಾಡಿದ ಶೂಟರುಗಳಿಗೆ ಮಾತ್ರ ರಿಯಾಯಿತಿ. ಹಾಗಾದರೆ ನಮ್ಮವರಿಗೆ ದಾರಿ?

ಮನೆಯಲ್ಲೇ ಇದೆ ಮದ್ದು

ದಾರಿ ಅಟ್ಟದ ಮೇಲೇ ಇತ್ತು. ಅಜ್ಜನ ಅಪ್ಪನ ಕಾಲದ 12 ಬೋರ್ ಜೋಡುನಳಿಗೆ. ಮಡಚಿ ತೋಟೆ ಹಾಕುವ ಕೋವಿ. ತೋಟೆ ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ, ಮಡಚಿದಾಗ ಹಿಂದಕ್ಕೇ ಬರುತ್ತದೆ. ಸೇಫ್ಟಿ ನೆತ್ತಿಯ ಮೇಲೆ, ಹೆಬ್ಬೆರಳಿಗೆ. ಯಾವ ಕೈಯ ಹೆಬ್ಬೆರಳಾದರೂ ಅದಕ್ಕೆ ಒಂದೇ. ಮುಂದಕ್ಕೆ ತಳ್ಳಿದರೆ ತಯಾರು, ಹಿಂದಕ್ಕೆ ಎಳೆದರೆ ಬಂದ್. ತೆರೆಯುವ ಸನ್ನೆ ಮಾತ್ರ ಬಲಕ್ಕೆ ತಳ್ಳಬೇಕು, ಎಡಗೈಗೆ ತುಸು ಅಡ್ಡಾದಿಡ್ಡಿ. ಆದರೆ ಅದು ಗುಂಡು ಹೊಡೆಯುವ ಹೊತ್ತಿನ ಕೆಲಸವಲ್ಲ, ಸಾವಕಾಶ ಮಾಡಬಹುದು. ಒಂಟಿನಳಿಗೆಯ ಮಡಚುವ ಕೋವಿಯೂ ಹೀಗೇ. ಸವ್ಯಸಾಚಿ ಕೋವಿ ಅಂತ ಕರೆಯುವುದಾದರೆ ಇದನ್ನು ಕರೆಯಬೇಕು.

ಬಟ್ ಮಾತ್ರ ಬಲಕ್ಕೆ ಬಾಗಿತ್ತು. ಮಿಸ್ತ್ರಿ ನೋಡಿ, ತಿದ್ದಿಕೊಡುತ್ತೇನೆ ಎಂದಿದ್ದಾರೆ. ಪೂರಾ ಎಡಕ್ಕೆ ಬೇಡ, ನೆಟ್ಟಗೆ ಮಾಡಿ ಅಂತ ಮನೆಯವರ ತೀರ್ಮಾನ. ಯಾಕೆಂದರೆ ಆ ಕೋವಿ ಅವಳೊಬ್ಬಳದಲ್ಲ, ಮನೆಯದು. ಚಿಕ್ಕಪ್ಪ ಬಲಗೈಯವರು. ಕೊಡಗಿನ ಒಟ್ಟು ಮನೆಗಳಲ್ಲಿ ಲೆಕ್ಕ ಹಾಕಬೇಕಾದ್ದು ಹೀಗೆ: ಒಬ್ಬರೇ ಹಿಡಿಯುವ ಕೋವಿಯಾದರೆ ಅವರ ಕೈಗೆ ತಕ್ಕದ್ದು, ಹತ್ತು ಮಂದಿ ಹಿಡಿಯುವುದಾದರೆ ಎರಡು ಕೈಗೂ ಒಗ್ಗುವುದು. ಒಬ್ಬರಿಗೆಂದು ಸೇಫ್ಟಿ ತಿರುಗಿಸಿಟ್ಟರೆ ನಾಳೆ ಇನ್ನೊಬ್ಬರು ಮರೆತು ಉಲ್ಟಾ ಒತ್ತಿಯಾರು! ಹಾಗೆ ತಿರುಗಿಸಲೇಬೇಕೆಂದಿದ್ದರೆ ಮನೆಯ ಎಲ್ಲರನ್ನೂ ಕೂರಿಸಿ ತೋರಿಸಬೇಕು. ಕೆಲಸವನ್ನು ಲೈಸೆನ್ಸ್ ಇದ್ದವರ ಕೈಲೇ ಮಾಡಿಸಬೇಕು. 1959ರ ಆಯುಧ ಕಾಯಿದೆಯ ಪ್ರಕಾರ ಕೋವಿ ರಿಪೇರಿ ದಂಧೆಗೂ ಲೈಸೆನ್ಸ್ ಬೇಕು. ಕಮ್ಮಾರಸಾಲೆಯ ಕೆಲಸ ಅಲ್ಲ ಅದು.

ಕೊಳ್ಳುವವರಿಗೆ ಮಿಸ್ತ್ರಿ ಹೇಳಿದ ಪರೀಕ್ಷೆ ಇಷ್ಟು. ಮೊದಲು ಕೋವಿ ಖಾಲಿಯೋ ಎಂದು ಎರಡು ಸಲ ನೋಡಿ. ಕಣ್ಣು ಮುಚ್ಚಿ ಹೆಗಲಿಗೆ ತನ್ನಿ, ಆಮೇಲೆ ಕಣ್ಣು ತೆರೆಯಿರಿ. ನಳಿಗೆಯ ಮಣಿ ನೇರ ಕಂಡರೆ ಬಟ್ ನಿಮಗೆ ಹೊಂದುತ್ತದೆ. ಹಿಡಿದ ಕೈ ಬಿಡದೆ ಸೇಫ್ಟಿ ಹತ್ತು ಸಲ ಹಾಕಿ, ಹತ್ತು ಸಲ ತೆಗೆಯಿರಿ. ಒಂದು ಸಲ ತಡವರಿಸಿದರೂ ಆ ಕೋವಿ ನಿಮ್ಮದಲ್ಲ. ತೋಟೆ ಹೊರಬೀಳುವ ಬಾಯಿ ನಿಮ್ಮ ಮುಖದ ಯಾವ ಬದಿಗಿದೆ ನೋಡಿ. ಕೊನೆಗೆ, ಎಲ್ಲ ಸರಿ ಇದ್ದರೂ ಸೇಫ್ಟಿಯನ್ನು ಪೂರಾ ನಂಬಬೇಡಿ. ನಳಿಗೆ ಯಾವತ್ತೂ ಜನರಿಲ್ಲದ ಕಡೆಗೆ, ಬೆರಳು ಟ್ರಿಗರ್‌ನಿಂದ ಹೊರಗೆ, ನಿಲ್ಲುವ ಜಾಗಕ್ಕೆ ಬಂದ ಮೇಲೆಯೇ ತೋಟೆ ಒಳಗೆ. ಬದುವಿನ ಮೇಲೆ ನಡೆಯುವಾಗ ಕೋವಿ ಖಾಲಿ ಇದ್ದಿದ್ದರೆ ಅಂದಿನ ಆ ಢಂ ಕೇಳಿಸುತ್ತಲೇ ಇರಲಿಲ್ಲ.

ಹಕ್ಕು ಇದ್ದಲ್ಲಿ ಹೊಣೆಯೂ

ಇದನ್ನೆಲ್ಲ ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 1861ರಲ್ಲಿ ಬ್ರಿಟಿಷರ ಕಾಲದಲ್ಲಿ ಬಂದದ್ದು, ಸ್ವಾತಂತ್ರ್ಯದ ನಂತರ 1963ರಲ್ಲಿ ಮುಂದುವರಿದದ್ದು. 2019ರಲ್ಲಿ ಕೇಂದ್ರ ಸರ್ಕಾರ 2029ರ ತನಕ ವಿಸ್ತರಿಸಿತು. ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಿದ್ದರು. 2021ರಲ್ಲಿ ರಾಜ್ಯ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ಬೇಟೆ 1972ರ ಕಾಯಿದೆಯೊಂದಿಗೆ ನಿಂತಿತು. ಉಳಿದದ್ದು ಹಬ್ಬ, ಹುಟ್ಟು, ಸಾವು, ಪುತ್ತರಿಯ ಕದಿರು, ಈ ತೆಂಗಿನಕಾಯಿ ಪಂಥ. ಅಲ್ಲೊಂದು ಮಗುವಿಗೆ ಗುಂಡು ತಗುಲಿದರೆ ಮರುದಿನ ಮಾತು ಬೇರೆಯಾಗುತ್ತದೆ. ಹಕ್ಕು ಉಳಿಯಬೇಕಾದರೆ ನಾವೇ ಜಾಗ್ರತೆ ಇರಬೇಕು.

ಪಂಥ ನಡೆಸುವ ಸಂಘದವರಲ್ಲಿ ಸಣ್ಣ ವಿನಂತಿ. ಕೋವಿ ನೀವೇ ಒದಗಿಸುವುದಾದರೆ, ಎಡಗೈಯವರಿಗೆ ಅಂತ ಒಂದು ಮಡಚುವ ಕೋವಿಯನ್ನಾದರೂ ಮೇಜಿನ ಮೇಲಿಡಿ. ಎಡಚರನ್ನು ಸಾಲಿನ ಬಲತುದಿಗೆ ನಿಲ್ಲಿಸಿ. ಅವರು ಬಲಗೈ ಕೋವಿಯನ್ನೇ ಹಿಡಿದರೂ ಬಿಸಿ ತೋಟೆ ಪಕ್ಕದವರ ಮೈಮೇಲೆ ಬೀಳದು. “ಏಯ್, ಸರಿಯಾಗಿ ಹಿಡ್ಕೊ” ಅಂತ ಗದರುವ ಮೊದಲು “ನಿಂದು ಯಾವ ಕೈ, ಯಾವ ಕಣ್ಣು?” ಅಂತ ಒಂದು ಮಾತು ಕೇಳಿ.

ಎಡಗೈಯಲ್ಲಿ ಏನಾಗುತ್ತದೆ ಎನ್ನುವವರಿಗೆ ಹಂಗೇರಿಯ ಕಾರೊಲಿ ತಕಾಚ್‌ನ ಕಥೆ ಸಾಕು. ಬಲಗೈಯ ಪಿಸ್ತೂಲು ನಿಪುಣ. 1938ರಲ್ಲಿ ಕೈಬಾಂಬು ಸಿಡಿದು ಬಲಗೈ ಹೋಯಿತು. ಎಡಗೈಯಲ್ಲಿ ಕಲಿತ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ, 1952ರ ಹೆಲ್ಸಿಂಕಿಯಲ್ಲಿ ಮತ್ತೊಂದು ಚಿನ್ನ!

ಹಬ್ಬದ ದಿನ ಮೈದಾನಕ್ಕೆ ಹೋಗಿದ್ದೆ. ಹುಡುಗಿ ಬರುವುದಿಲ್ಲ ಅಂತ ಹಟ ಹಿಡಿದಿದ್ದಳಂತೆ. ಅಜ್ಜ ಕರೆತಂದರು. ಹಳೆಯ ಜೋಡುನಳಿಗೆ ಹೆಗಲ ಮೇಲೆ, ಮಡಚಿ, ಖಾಲಿ. ಆ ಎಂಟು ವರ್ಷದ ಹುಡುಗನೂ ಬಂದಿದ್ದ, ಹಗ್ಗದ ಆಚೆಗೆ.

ಸರದಿ ಬಂದಾಗ ಅಜ್ಜ ತಾವೇ ಮೊದಲು ನಿಂತರು. ಕೋವಿಯನ್ನು ಎಡ ಹೆಗಲಿಗೆ ತಂದರು. ಐವತ್ತು ವರ್ಷಕ್ಕೂ ಮೇಲಾಯಿತು ಅಂದರು. ಢಂ. ಕಾಯಿ ಅಲುಗಲಿಲ್ಲ. ಜನ ನಕ್ಕರು, ಅಜ್ಜನೂ ನಕ್ಕರು.

“ನನಗೆ ತಡವಾಯ್ತು. ನೀನು ನಿಲ್ಲು ಮಗಳೇ, ನಿನ್ನ ಕೈಯಲ್ಲೇ” ಅಂದರು.

ಅವಳು ನಿಂತಳು. ತೋಟೆ ಹಾಕಿದಳು, ಮುಚ್ಚಿದಳು, ಎಡ ಹೆಬ್ಬೆರಳಲ್ಲಿ ಸೇಫ್ಟಿ ಸರಿಸಿದಳು. ಮೊದಲ ಗುಂಡು ತಪ್ಪಿತು. ಎರಡನೆಯದಕ್ಕೆ ಕಾಯಿ ಹೋಳಾಯಿತು. ಬಹುಮಾನ ಬೇರೆಯವರಿಗೆ ಹೋಯಿತು, ಅದಿರಲಿ. ಇಳಿಸುವಾಗ ನಾನು ನೋಡಿದ್ದು ಒಂದೇ: ಯಾರೂ ಹೇಳದೆ ಅವಳ ಹೆಬ್ಬೆರಳು ಸೇಫ್ಟಿಯನ್ನು ಹಿಂದಕ್ಕೆ ಎಳೆಯಿತು.

ಸಂಘದವರು ಗಮನಿಸುವರೇ?